ದರ್ಜಿಯ ವಿಡಿಯೋ ಗೇಮು

೧೯೮೭ರ ಆಗಸ್ಟ್ ಎಂಟು, ಶನಿವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಚನ್ನಗಿರಿ ಬಸ್ಸಿಗೆ ಕಾದು ಸಾಕಾಗಿದ್ದ ವಿಜ್ಞಾನದ ಮೇಷ್ಟ್ರು ವಿರೂಪಾಕ್ಷಪ್ಪನವರ ಪಕ್ಕದಲ್ಲಿ ದರ್ಜಿ ಮಲ್ಲೇಶಪ್ಪ ಉಸ್ಸೆಂದು ಕೂತ. ಜೊತೆಗೆ ಅವನ ಹೆಂಡತಿಯ ತಮ್ಮ ರೇವಣ್ಣ.

“ಮುರಿದ ಕೈ ಕೂಡೈತೆ, ಇನ್ನು ಬೆರಳು ಆಡಿಸು ಅಂತ ಡಾಕ್ಟ್ರು ಅಂದ್ರೆ, ನೀನು ದಾವಣಗೆರೆಗೆ ವಿಡಿಯೋ ಗೇಮ್ ಆಡಾಕೆ ಕರ್ಕಂಡು ಹೋದೆಯಲ್ಲೋ. ಆಡಿದಷ್ಟು ಸಲಾನೂ ನನ್ನ ವಿಮಾನ ಸುಟ್ಟು ಹೋತು.”

“ಅಂಗೈಯಾಗೆ ಗುಂಡಿ ಅದುಮಿ ಹಿಡಿದ್ರೆ ಸುಡದೆ ಇನ್ನೇನು ಭಾವ? ಬೆರಳಾಗೆ ಒತ್ತಬೇಕು, ಬಿಡಬೇಕು. ಮತ್ತೆ ಒತ್ತಬೇಕು.”

“ಗುಂಡು ಎಲ್ಲಿಂದ ಬರ್ತೈತೆ ಅಂತಾನೇ ಗೊತ್ತಾಗಲ್ಲ.”

“ನಿಮ್ಮ ವಿಮಾನಾನೇ ನೋಡ್ತಾ ಕೂತ್ರೆ ಹೆಂಗೆ ಗೊತ್ತಾಗ್ತೈತೆ? ಹೊಲಿಯುವಾಗ ಸೂಜಿ ನೋಡ್ತೀರಾ?”

“ಸೂಜಿ ಯಾವನು ನೋಡ್ತಾನೆ? ಮುಂದಿನ ಬಟ್ಟೆ ನೋಡ್ತೀನಿ.”

“ಇಲ್ಲೂ ಹಂಗೇ ರೀ. ಎಲ್ಲಾರನ್ನೂ ಹೊಡೆಯಾಕೆ ಹೋಗಬೇಡ್ರಿ, ಮೊದ್ಲು ತಪ್ಪಿಸ್ಕೊಳ್ಳಾಕೆ ಕಲೀರಿ. ಅಲ್ಲ, ಕಾಲು ಯಾಕೆ ತುಳೀತಿದ್ರಿ? ಅಂಗಡಿಯೋರೆಲ್ಲ ನಗಾಡಿದ್ರು.”

“ಮಿಷನ್ ತುಳಿದ ರೂಢಿ ಕಣೋ. ಕಾಲು ಓಡದಿದ್ರೆ ನನ್ನ ಕೈ ಓಡಲ್ಲ.”

ಮಲ್ಲೇಶಪ್ಪ ಎಡಗೈಯಿಂದ ಬಲಗೈ ಬೆರಳುಗಳನ್ನು ನೀವಿಕೊಂಡ.

“ರೇವಣ್ಣ, ಮತ್ತೆ ಕತ್ತರಿ ಹಿಡಿಯಾಕೆ ಆಗ್ತೈತೇನೋ?”

“ಮುಂದಿನ ಶನಿವಾರ ಇನ್ನೊಂದ್ಸಲ ಹೋಗಾಣ. ಏಳ್ರಿ, ನ್ಯಾಮತಿ ಬಸ್ ಬಂತು.”

ಮಲ್ಲೇಶಪ್ಪ ಬಸ್ಸಿನ ಬಾಗಿಲ ಸರಳಿಗೆ ಬಲಗೈ ಹಾಕಿ, ಹಲ್ಲು ಕಚ್ಚಿ ಮುಷ್ಟಿ ಬಿಗಿಯಲು ನೋಡಿದ. ಆಮೇಲೆ ಎಡಗೈಯಲ್ಲಿ ಹಿಡಿದು ಹತ್ತಿದ. ಬಲಗೈ ಬಿಗಿದಾಗ ಅವನ ತೋರುಬೆರಳಿಗೂ ಸರಳಿಗೂ ನಡುವೆ ಮೇಷ್ಟ್ರ ಕಣ್ಣಳತೆಗೆ ಎರಡು ಸೆಂಟಿಮೀಟರ್ ಉಳಿದಿತ್ತು.