ಗಸ್ತಿನ ಸಾಹೇಬ ಹಾಕಿದ ಗಂಟು

ನದಿ ಹೋಗಿ ಕಡಲು ಸೇರುವ ಕಡೆ ಒಂದೂರು. ಆ ಊರಲ್ಲೊಬ್ಬ ಸಾಹುಕಾರ. ಹೊಟ್ಟೆಪಾಡಿಗೆ ಮೀನು ಹಿಡಿಯುವವನಲ್ಲ, ನೋಡಿ, ಶೋಕಿಗೆ ಹಿಡಿಯುವವನು. ಭಾನುವಾರ ಬಂತೆಂದರೆ ಪುಟ್ಟ ದೋಣಿಯಲ್ಲಿ ಒಬ್ಬನೇ ಹೊರಟು ಅಳಿವೆಯಲ್ಲಿ ಗಾಳ ಹಾಕಿ ಕೂರುತ್ತಿದ್ದ. ಸಿಕ್ಕಿದ್ದು ಬೆರಳುದ್ದದ ಮೀನು, ಊರಲ್ಲಿ ಹೇಳುವಾಗ ಮೊಳದುದ್ದ! ಯಾಕೆ ನಗುತ್ತೀರಿ? ಇಲ್ಲೂ ಅಂಥವರು ನಾಲ್ಕು ಜನ ಕೂತಿದ್ದಾರೆ.

ಒಬ್ಬನೇ ಯಾಕೆ ಹೋಗುತ್ತಿದ್ದ? ಹೆಂಡತಿ ಸಕ್ಕರೆ ಮುಟ್ಟಬೇಡಿ ಅನ್ನುತ್ತಾಳೆ. ಡಾಕ್ಟರು ದಿನಾ ನಡೆಯಿರಿ ಅನ್ನುತ್ತಾರೆ. ದೋಣಿಯಲ್ಲಿ ಅವನಿಗೆ ಬುದ್ಧಿ ಹೇಳುವವರು ಯಾರಿದ್ದಾರೆ? ಯಾರೂ ಇಲ್ಲ. ಅಲ್ಲಿ ಅವನೇ ರಾಜ. ಒಂದು ಗುಟ್ಟು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದ ಈ ಮಹಾರಾಯನಿಗೆ ಈಜು ಬರುತ್ತಿರಲಿಲ್ಲ.

ಈ ರಾಜನಿಗೂ ಒಬ್ಬ ಕಾಟ ಕೊಡುವವನಿದ್ದ, ಕರಾವಳಿ ಪೊಲೀಸರ ಗಸ್ತಿನ ಸಾಹೇಬ. ಪ್ರತಿ ಭಾನುವಾರ ಗಸ್ತಿನ ದೋಣಿ ಬರುವುದು, ಹಾರ್ನ್ ಹೊಡೆಯುವುದು, ಪಕ್ಕದಲ್ಲಿ ನಿಲ್ಲುವುದು. ದೀಪ ಉಂಟಾ? ಸೀಟಿ ಉಂಟಾ? ಲೈಫ್ ಜಾಕೆಟ್ ಉಂಟಾ?

"ಉಂಟು ಮಾರಾಯ್ರೆ, ಇಲ್ಲೇ ಉಂಟು!" ಎಂದು ಸಾಹುಕಾರ ಸ್ವಲ್ಪ ಎದ್ದು ಕೆಳಗಿನಿಂದ ಜಾಕೆಟ್ ಎಳೆದು ತೋರಿಸುತ್ತಿದ್ದ. ಹೌದು, ಅದರ ಮೇಲೇ ಕೂರುತ್ತಿದ್ದ! ಹಾಕಿಕೊಳ್ಳಿ ಅಂದರೆ ಹಾಕಿಕೊಳ್ಳುವನು. ಗಸ್ತಿನ ದೋಣಿ ತಿರುವು ದಾಟಿತೋ, ಜಾಕೆಟ್ ಮತ್ತೆ ಕೆಳಗೆ. ಬೆನ್ನಿಗಲ್ಲ ಸ್ವಾಮಿ, ಬೆನ್ನಿನ ಕೆಳಗೆ!

ಒಂದು ಭಾನುವಾರ ಸಾಹೇಬ ಆ ಜಾಕೆಟ್ಟನ್ನು ಹಿಸುಕಿ ನೋಡಿದ. ಒಳಗಿನ ಸ್ಪಂಜು ಚಪ್ಪಟೆಯಾಗಿ ಹಪ್ಪಳವಾಗಿತ್ತು.

"ಇದು ಇನ್ನು ತೇಲುವುದಿಲ್ಲ ಸಾಹುಕಾರ್ರೇ. ಕೂತು ಕೂತು ಇದರ ಜೀವ ತೆಗೆದಿದ್ದೀರಿ."

"ನಾನು ಮುಳುಗಿದರೆ ನಿಮಗೆಂತ ನಷ್ಟ?"

"ಹುಡುಕುವುದು ನಾನಲ್ವಾ? ನಿಮ್ಮನ್ನು ಎತ್ತಲಿಕ್ಕೆ ನಾಲ್ಕು ಜನ ಬೇಕು."

ಹೀಗೆಂದವನೇ ಸಾಹೇಬ ತನ್ನ ದೋಣಿಯ ಒಳ್ಳೆಯ ಜಾಕೆಟ್ ತಂದು ಸಾಹುಕಾರನಿಗೆ ತೊಡಿಸಿದ. ಒದ್ದೆ ಪಟ್ಟಿಯನ್ನು ಬಿಗಿದು ಹೊಟ್ಟೆಯ ಕೆಳಗೆ ಗಂಟು ಹಾಕಿದ. "ಸಂಜೆ ದಡಕ್ಕೆ ಬನ್ನಿ, ನಾನೇ ಬಿಚ್ಚುತ್ತೇನೆ" ಎಂದು ಹೋದ.

ಸಾಹುಕಾರನಿಗೆ ಮೈಯೆಲ್ಲ ಉರಿದುಹೋಯಿತು. ಬಿಚ್ಚೋಣವೆಂದರೆ ಗಂಟು ಕಾಣಬೇಕಲ್ಲ? ಹೊಟ್ಟೆ ಅಡ್ಡ! ಉಗುರಿನಿಂದ ಕಿತ್ತ, ಬರಲಿಲ್ಲ. ಹಲ್ಲಿನಿಂದ ಕಚ್ಚೋಣವೆಂದು ಬಗ್ಗಿದ, ಎಟುಕಲಿಲ್ಲ. "ನನ್ನ ದೋಣಿ, ನನ್ನ ಹೊಟ್ಟೆ, ಗಂಟು ಹಾಕಲಿಕ್ಕೆ ಇವನ್ಯಾರು!" ಎನ್ನುತ್ತ ಮೀನು ಕೊಯ್ಯುವ ಚೂರಿ ತೆಗೆದ. ಅಷ್ಟರಲ್ಲಿ ಗಾಳ ಜಗ್ಗಿತು. ಅಬ್ಬಬ್ಬಾ, ಏನು ಜಗ್ಗು! ಚೂರಿ ಬಿಸಾಡಿ, ಆಸೆಗೆ ಬಿದ್ದು, ಆ ಪುಟ್ಟ ದೋಣಿಯಲ್ಲಿ ಎದ್ದು ನಿಂತ.

ಧೊಪ್! ದೋಣಿ ಒಂದು ಕಡೆ, ಸಾಹುಕಾರ ಇನ್ನೊಂದು ಕಡೆ. ಇಳಿತದ ನೀರು ಕಡಲ ಕಡೆಗೆ ಎಳೆಯುತ್ತಿದೆ. ಬಾಯಿತುಂಬ ಉಪ್ಪುನೀರು. ಸತ್ತೇ ಹೋದೆ ಅಂದುಕೊಂಡ. ಆದರೆ ತಲೆ ಮೇಲೆ ಬಂತು, ತೇಲಿತು. ಆಗ ಅವನ ಎರಡು ಕೈ ಎಲ್ಲಿದ್ದವು ಗೊತ್ತಾ? ಗಂಟಿನ ಮೇಲೆ! ಈಗಷ್ಟೇ ಕೊಯ್ಯಲು ಹೊರಟಿದ್ದ ಗಂಟನ್ನು ಗಟ್ಟಿಯಾಗಿ ಅವಚಿಕೊಂಡು, "ಬಿಚ್ಚಿಕೊಳ್ಳಬೇಡಪ್ಪಾ, ಬಿಚ್ಚಿಕೊಳ್ಳಬೇಡ" ಎಂದು ಗೋಗರೆಯುತ್ತಿದ್ದ. ಹರಕೆ ಹೊತ್ತದ್ದು ಯಾವ ದೇವರಿಗೂ ಅಲ್ಲ, ಆ ಗಂಟಿಗೆ!

ಆಳಿಲ್ಲದ ದೋಣಿ ತೇಲುವುದನ್ನು ಕಂಡು ಗಸ್ತಿನ ದೋಣಿ ಬಂತು. ಎತ್ತಲಿಕ್ಕೆ ಸರಿಯಾಗಿ ನಾಲ್ಕು ಜನ ಬೇಕಾಯಿತು. ಸಾಹೇಬ ಕೇಳಿದ, "ಈಗ ಬಿಚ್ಚಲಾ?"

"ಬೇಡ ಮಾರಾಯ್ರೆ! ಮನೆ ಮುಟ್ಟುವವರೆಗೆ ಇರಲಿ!" ಎಂದು ಸಾಹುಕಾರ ಅವನ ಕೈ ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟ.

ಚೆನ್ನಾಗಿ ನಕ್ಕಿರಿ. ಈಗ ನನ್ನ ಸರದಿ. ಬರುವಾಗ ಗೇಟಿನ ಹತ್ತಿರ ನಿಮ್ಮ ಸ್ಕೂಟರುಗಳನ್ನು ನೋಡಿದೆ. ಹೆಲ್ಮೆಟ್ ಎಲ್ಲಿತ್ತು? ಕನ್ನಡಿಗೆ ನೇತಾಡುತ್ತಿತ್ತು! ತಲೆಗೆ ಯಾವಾಗ ಏರುತ್ತದೆ? ಸರ್ಕಲ್ಲಿನಲ್ಲಿ ಪೊಲೀಸಪ್ಪ ಕಂಡಾಗ. ಅವನನ್ನು ದಾಟಿದ ಮೇಲೆ? ಮತ್ತೆ ಕನ್ನಡಿಗೆ. ನಾನೇನೂ ಕಡಿಮೆಯಲ್ಲ ಬಿಡಿ, ಬಿಪಿ ಮಾತ್ರೆಯನ್ನು ಡಾಕ್ಟರ ಹತ್ತಿರ ಹೋಗುವ ಮುಂಚಿನ ಮೂರು ದಿನ ಮಾತ್ರ ನುಂಗುವವನು. ಯಾರಿಗೆ ಮೋಸ ಮಾಡಿದ ಹಾಗಾಯಿತು? ಡಾಕ್ಟರಿಗಾ?

ನೋಡಿ, ತಪಾಸಣೆ ಮಾಡುವವನು ಎರಡು ನಿಮಿಷ ನಿಂತು ಹೋಗುತ್ತಾನೆ. ನೀರಿನ ಅಪಾಯ ಹೋಗುವುದಿಲ್ಲ, ರಸ್ತೆಯ ಅಪಾಯ ಹೋಗುವುದಿಲ್ಲ. ಆದ್ದರಿಂದ ನಾನು ಇವತ್ತಿನಿಂದ ಮಾತ್ರೆ ದಿನಾ ನುಂಗುತ್ತೇನೆ. ನೀವು ನಾಳೆ ಬೆಳಿಗ್ಗೆ, ಪೊಲೀಸರಿಲ್ಲದ ನಿಮ್ಮ ಗಲ್ಲಿಯಲ್ಲೇ, ಗಾಡಿ ಶುರು ಮಾಡುವ ಮೊದಲೇ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ. ಬಾಗಿಲಲ್ಲಿ ನಿಂತ ಹೆಂಡತಿ "ಹಾಕ್ಕೊಳ್ಳಿ ಅಂದ್ರೆ" ಎಂದಾಗ ಮುಖ ಸಿಂಡರಿಸಬೇಡಿ. ಪೊಲೀಸಪ್ಪನ ಡ್ಯೂಟಿ ಸಂಜೆಗೆ ಮುಗಿಯುತ್ತದೆ. ನೀವು ಬರುವವರೆಗೂ ಬಾಗಿಲಲ್ಲಿ ಕಾಯುವವಳು ಅವಳು.