ಮೂಲೆ ಮುರಿದ ಹಲಗೆ

ಆ ಸಂಜೆ ಹುಬ್ಬಳ್ಳಿ ರೈಲು ನಿಲ್ದಾಣದ ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಹಲವು ಗಾಡಿಗಳು ತಡವಾಗಿದ್ದವು, ತಲೆಯ ಮೇಲಿನ ವಿದ್ಯುತ್ ಫಲಕವಂತೂ ನಾವು ಓದಲು ತೊಡಗುವಷ್ಟರಲ್ಲೇ ಭಾಷೆ ಬದಲಿಸಿ ನಮ್ಮನ್ನು ಅಣಕಿಸುತ್ತಿತ್ತು. ಧಾರವಾಡದ ಸಪ್ತಾಪುರದ ನಮ್ಮ ನೆರೆಮನೆಯ ಚಿನ್ಮಯೀ ಕೊಡೆ ಕೊಡವುತ್ತ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಳು.

"ಗೇಟಿನ್ಯಾಗ ಒಬ್ಬಾಕಿ ಅಜ್ಜಿ ಗದಗಿನ ಗಾಡಿ ಕೇಳಿದ್ಳರಿ. ಬೋರ್ಡ್ ನೋಡಿ ಹೇಳಿ ಬಂದೆ."

ಅಷ್ಟು ಹೊತ್ತೂ ಆ ಫಲಕವನ್ನು ಬೈಯುತ್ತಿದ್ದ, ಎದುರು ಬೆಂಚಿನ ಮುದುಕರು, ಸುಳ್ಳ ಊರಿನ ಅರ್ಜುನಪ್ಪನವರು, ಥಟ್ಟನೆ ನಮ್ಮತ್ತ ಬಾಗಿ ಶುರುಮಾಡಿದರು.

"ಈ ಮಿಣಮಿಣ ಬೋರ್ಡಿಗೆ ಬೆಂಕಿ ಹಚ್ಚ! ಮೊದಲ ಇಲ್ಲೆ ಕಟಗಿ ಹಲಗಿ ಇದ್ದವು ನೋಡ್ರಿ, ಊರಿನ ಹೆಸರು ಬರದು ಕೊಕ್ಕಿಗೆ ತೂಗ ಹಾಕ್ತಿದ್ರು, ಗಾಡಿ ಬಿಡೂತನಕ ಅಲ್ಲೇ ಇರ್ತಿದ್ದವು... ನಮ್ಮಕ್ಕ ಸತ್ಯವ್ವಗ ಓದಾಕ ಬರ್ತಿರಲಿಲ್ಲ. ಆದ್ರ ಗದಗಿನ ಹಲಗಿದು ಮೂಲಿ ಮುರದಿತ್ತು. ಅಷ್ಟ ನೋಡಿ, ಯಾರನ್ನೂ ಕೇಳದ, ರಾಣಿ ಹಂಗ ನಡದು ಗಾಡಿ ಹತ್ತತಿದ್ಳು. ಒಬ್ಬಾಕಿನ ಮಗಳು, ಗದಗಿಗೆ ಕೊಟ್ಟಿದ್ಳು. ಆ ಮಗಳಿಗೆ ಹೆರಿಗಿ ಬ್ಯಾನಿ ಸುರುವಾಗೇತಿ ಅಂತ ಫೋನ್ ಬಂತು, ಇಕಿ ಉಟ್ಟ ಸೀರಿಮ್ಯಾಲೆ ಓಡಿ ಬಂದ್ಳು. ಬಂದು ನೋಡ್ತಾಳ... ಹಲಗಿ ಎಲ್ಲಿ ಅದಾವ? ಕಿತ್ತು ಒಗದು ಈ ದೀಪದ ಬೋರ್ಡ್ ಹಾಕಿದ್ರು! ಹಲಗಿ ಹಾಕಿಲ್ಲ ಅಂದ್ರ ಗಾಡಿ ಇಲ್ಲ ಅಂತ ಕುಂತ್ಳು, ಕುಂತ್ಳು... ಕಣ್ಣ ಮುಂದ ಗದಗಿನ ಗಾಡಿ ಬಂತು, ನಿಂತಿತು, ಹೋತು. ಆಮ್ಯಾಲೆ ಯಾರೋ 'ಹೋತಬೇ' ಅಂದ್ರು. ಅಲ್ಲಿ ಮಗಳು ಅವ್ವಾ ಅವ್ವಾ ಅಂತ ಒದರಾಕತ್ತಿದ್ಳು. ಇಲ್ಲೆ ಕುಂತ ಬೆಂಚಿನ ಮ್ಯಾಲೇ ಅವ್ವನ ಉಸಿರು ನಿಂತಿತು.

"ಒಂದ... ಒಂದ ಹಲಗಿ ತೂಗ ಹಾಕ್ರಪಾ, ಅಕಿ ನೋಡಿ ಗಾಡಿ ಹತ್ತಿ ಹೋಗ್ಲಿ ಅಂತ ಎಷ್ಟ ಮಂದಿ ಕಾಲು ಹಿಡಿಲಿ? ನಗತಾರ! 'ಅಜ್ಜಾ, ಆ್ಯಪಿನ್ಯಾಗ ನೋಡು' ಅಂತಾರ! ದೆವ್ವಕ್ಕ ಆ್ಯಪ್ ಯಾರು ಕಲಿಸ್ತೀರಿ? ಮಳಿ ಹಿಡದಾಗ ಅಕಿ ಇನ್ನೂ ಗೇಟಿನ್ಯಾಗ ಕೇಳ್ಕೋತ ನಿಂದ್ರತಾಳ. 'ಇನ್ನ ಬಂದಿಲ್ಲಬೇ' ಅಂದ್ರ ತಣ್ಣಗ ಸರದು ಹೋಗ್ತಾಳ. 'ಹೋತು' ಅಂದವರ ಬೆನ್ನ ಮಾತ್ರ ಬಿಡೂದಿಲ್ಲ... ಮನಿತನಕ ಬರ್ತಾಳ."

ಫಲಕ ಒಮ್ಮೆ ಮಿಣುಕಿ ಆರಿತು. ಎಲ್ಲಿಯೋ ಕಬ್ಬಿಣದ ಕೊಕ್ಕೆಗೆ ಮರದ ಹಲಗೆ ತಾಗಿದಂಥ ಸದ್ದಾಯಿತು.

"ನೀ ಏನಂದಿ, ಚಿನ್ಮಯೀ?" ನಾನು ಕೇಳಿದೆ.

ಅವಳು ನನ್ನ ತೋಳು ಹಿಡಿದಳು. ಅರ್ಜುನಪ್ಪನವರು ಅವಳ ಆಚೆ ಪಕ್ಕದ ಖಾಲಿ ಜಾಗವನ್ನು ನೋಡಿದರು.

"ಹಂಗಾರ ಇನ್ನೊಂದೀಟು ಸರದು ಕೂಡವ್ವ... ಅಕ್ಕನ ಸೆರಗಿನ ಮ್ಯಾಲೆ ಕುಂತೀದಿ."