ಶಿವಲೀಲಾಳಿಗೆ ಕುಬಸ ಮಾಡಿದ ಊರು

ಅಧ್ಯಕ್ಷರ ಪೀಠದಲ್ಲಿರುವ ಹಿರಿಯರಾದ ರೇಣುಕಮ್ಮನವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮಹಿಳಾ ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ತಾಯಂದಿರೇ, ಮತ್ತು ಇರಕಲ್ಲಗಡದ ಸಮಸ್ತ ಸಭಿಕರೇ,

ಸಂಘದ ವಾರ್ಷಿಕೋತ್ಸವಕ್ಕೆ ಕರೆಸಿ, ಶಾಲು ಹೊದಿಸಿ, ಹಾರ ಹಾಕಿ ನನ್ನನ್ನು ಸನ್ಮಾನಿಸಿದ್ದೀರಿ. ನಿರೂಪಣೆ ಮಾಡುತ್ತಿರುವ ತಂಗಿ ಸಹನಾ ನನ್ನನ್ನು ‘ಕಿರುತೆರೆಯ ಖಳನಾಯಕಿ, ನಮ್ಮ ಜಿಲ್ಲೆಯ ಹೆಮ್ಮೆ, ಹೇಮಾ’ ಎಂದು ಪರಿಚಯಿಸಿದರು. ಹಿಂದಿನಿಂದ ಯಾರೋ ‘ಹಾವು, ಹಾವು’ ಎಂದು ಕೂಗಿದರು. ಎಲ್ಲರೂ ನಕ್ಕಿರಿ, ನಾನೂ ನಕ್ಕೆ. ಜನರ ಬೈಗುಳವೇ ಕಲಾವಿದೆಗೆ ದೊಡ್ಡ ಪ್ರಶಸ್ತಿ ಎಂದು ಇಂಥ ಸಭೆಗಳಲ್ಲಿ ಹೇಳುವುದು ವಾಡಿಕೆ. ಎಷ್ಟೋ ಊರಲ್ಲಿ ಹೇಳಿದ್ದೇನೆ. ಇವತ್ತು ಯಾಕೋ ಹೇಳಲು ಮನಸ್ಸು ಬರುತ್ತಿಲ್ಲ.

ನನಗಿಂತ ಮುಂಚೆ ನಿಮ್ಮೂರಿನ ಸೂಲಗಿತ್ತಿ ಫಕೀರಮ್ಮನವರಿಗೆ ಸನ್ಮಾನವಾಯಿತು. ಶಾಲಿನ ಜೊತೆಗೆ ಅವರಿಗೆ ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ, ಖಣ ಹಾಕಿ ಉಡಿ ತುಂಬಿದಿರಿ. ನನ್ನ ಸರದಿ ಬಂದಾಗ ಅಕ್ಕಿ ತುಂಬಿದ ದೊಡ್ಡ ತಟ್ಟೆ, ಆ ಪರಾತ, ಮೇಜಿನ ಹಿಂದಕ್ಕೆ ಸರಿಯಿತು. ಯಾರು ಸರಿಸಿದರೋ ನೋಡಲಿಲ್ಲ. ಇರಲಿ, ಆ ಮಾತು ಆಮೇಲೆ.

ಪಕ್ಕದೂರು ತಳಕಲ್ಲಿನ ಹುಡುಗಿ ಇಷ್ಟೊಂದು ಪುಸ್ತಕದ ಭಾಷೆ ಯಾಕೆ ಮಾತಾಡುತ್ತಾಳೆ ಎಂದು ನಿಮಗೆ ಅನಿಸುತ್ತಿರಬಹುದು. ಸೊಕ್ಕಿನಿಂದಲ್ಲ. ನಮ್ಮ ಮಾತಿನಲ್ಲಿ ಬಾಯಿ ತೆರೆದರೆ ನಿಮಗೆ ಕೇಳಿಸುವುದು ಧಾರಾವಾಹಿಯ ಶಿವಲೀಲಾಳ ದನಿ. ನನ್ನದಲ್ಲ.

ಶಿವಲೀಲಾ ಮೊದಲು ಹೇಗಿದ್ದಳು? ಯಾರಿಗಾದರೂ ನೆನಪಿದೆಯೇ? ಕೊಪ್ಪಳದ ಕಡೆಯಿಂದ ಬೆಂಗಳೂರಿನ ದೊಡ್ಡ ಮನೆಗೆ ಹೋದ ಸೊಸೆ. ಎಲ್ಲರೂ ಉಂಡ ಮೇಲೆ ಉಣ್ಣುವವಳು. ಮೊದಲ ದಿನದ ಕಂತಿನಲ್ಲಿ ಮುನಿಸಿಕೊಂಡ ಅತ್ತೆಯ ಮುಂದೆ ತಟ್ಟೆ ಇಟ್ಟು, ‘ಯತ್ತೀ, ಊಟ ಮಾಡ್ರಿ, ಆರತೈತಿ’ ಎಂದಳು. ಅಷ್ಟೇ. ಗಂಗಾವತಿಯಿಂದ ಕುಷ್ಟಗಿಯವರೆಗೆ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ನಮ್ಮ ಮಾತು ಟಿವಿಯಲ್ಲಿ, ಅದೂ ನಗೆಪಾಟಲಿಗಲ್ಲದೆ, ಪ್ರೀತಿಗೆ ಬಂತಲ್ಲ ಎಂದು.

ಅವಳು ಒಂದೇ ದಿನಕ್ಕೆ ಕೆಟ್ಟವಳಾದಳೇ? ಇಲ್ಲ. ಹಾಗಾಗಿದ್ದರೆ ನಾನೇ ಎದ್ದು ಬರುತ್ತಿದ್ದೆ. ‘ಮೇಡಂ, ಇವತ್ತು ಒಂದು ಸಣ್ಣ ಸುಳ್ಳು ಅಷ್ಟೇ’ ಎಂದರು ನಿರ್ದೇಶಕರು. ಮಾವನ ಎದೆನೋವನ್ನು ಅತ್ತೆಯಿಂದ ಮುಚ್ಚಿಡುವ ಸುಳ್ಳು, ಒಳ್ಳೆಯದಕ್ಕೇ ಹೇಳಿದ್ದು. ಆ ವಾರ ನೋಡುವವರು ಹೆಚ್ಚಾದರು. ಮುಂದಿನ ವಾರ ಇನ್ನೊಂದು ಸುಳ್ಳು, ಈ ಸಲ ತನಗಾಗಿ. ಆಮೇಲೆ ಬಾಗಿಲ ಹಿಂದೆ ನಿಂತು ಕೇಳುವುದು. ಆಮೇಲೆ ನಾದಿನಿಯ ಮದುವೆ ಮುರಿಯುವುದು. ನನ್ನ ಕಾಡಿಗೆಯ ಗೆರೆ ವಾರ ವಾರಕ್ಕೂ ದಪ್ಪವಾಯಿತು. ಕನ್ನಡಿ ಎದುರು ದಿನಾ ಕೂತ ನನಗೇ ಅದು ತಿಳಿಯಲಿಲ್ಲ ಎಂದರೆ ನಂಬುತ್ತೀರಾ?

ನೀವು ಮಾತ್ರ ಅವಳನ್ನು ಕೈಬಿಡಲಿಲ್ಲ. ‘ಪಾಪ, ಏನೋ ಕಷ್ಟ ಇರಬೇಕ ಹುಡುಗಿಗಿ’ ಎಂದಿರಿ. ಅವಳು ಗರ್ಭಿಣಿ ಎಂದಾಗ ಹಿಗ್ಗಿದಿರಿ. ಮಗುವಾದರೆ ಸರಿಹೋಗುತ್ತಾಳೆ ಎಂದಿರಿ. ಆ ದಿನಗಳಲ್ಲೇ ನಾನು ನಿಮ್ಮ ಶಾಲೆಯ ಸ್ನೇಹಸಮ್ಮೇಳನಕ್ಕೆ ಬಂದದ್ದು. ಕಾರ್ಯಕ್ರಮ ಮುಗಿದ ಮೇಲೆ ಒಂದು ಮುಟಿಗೆ ಊಟ ಮಾಡಿ ಹೋಗು ಎಂದು ರೇಣುಕಮ್ಮನವರು ಮನೆಗೆ ಕರೆದರು. ಹೋದರೆ ಪಡಸಾಲೆಯಲ್ಲಿ ಮಣೆ, ಮಣೆಯ ಸುತ್ತ ರಂಗೋಲಿ, ಓಣಿಯ ಹೆಣ್ಣುಮಕ್ಕಳೆಲ್ಲ ಹಾಜರು! ಬಸುರಿಗೆ ಮಾಡುವ ಕುಬಸದ ತಯಾರಿ. ಬಳೆ ಮಾರುವ ರಾಜಾಬೀ ಹಸಿರು ಬಳೆ ಹಿಡಿದು ಕೂತಿದ್ದರು. ರೇಣುಕಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹೊಟ್ಟಿ ಎಲ್ಲಿ ಬಿಟ್ಟು ಬಂದಿ?’ ಎಂದರು. ಸೆಟ್ಟಿನಲ್ಲೇ ಬಿಟ್ಟು ಬಂದಿದ್ದೆ. ಅರಳೆ ತುಂಬಿದ ದಿಂಬು ಅದು.

ನಿಮಗೆ ಗೊತ್ತಿರಲಿಲ್ಲವೆಂದಲ್ಲ. ರೇಣುಕಮ್ಮನವರ ಮಾತು ನನಗೆ ಇನ್ನೂ ಹಾಗೇ ನೆನಪಿದೆ. ‘ಇದು ಆಟ ಅಂತ ನಮಗೂ ತಿಳಿತೈತವ್ವ. ಆದ್ರ ಟಿವಿಯಾಗ ನಿಮ್ಮತ್ತಿ ಕುಬಸ ಮಾಡೂದಿಲ್ಲ ಅಂದ್ಲಲ್ಲ, ನಮಗ ಹೊಟ್ಟಿ ಉರೀತು. ತವರಮನಿಯವರು ಅಂತ ನಾವಿಲ್ಲೇನು?’

ಹಸಿರು ಸೀರೆ ಉಡಿಸಿದಿರಿ. ಬಳೆ ಇಡಿಸಿದಿರಿ. ಉಡಿ ತುಂಬಿದಿರಿ. ನಾನು ಅತ್ತುಬಿಟ್ಟೆ. ನಟಿ ಎಷ್ಟು ಚೆನ್ನಾಗಿ ಅಳುತ್ತಾಳೆ ನೋಡ್ರಿ ಎಂದು ನಕ್ಕಿರಿ. ನನಗೆ ಆಗ ಮದುವೆಯಾಗಿ ಒಂಬತ್ತು ವರ್ಷ. ತವರಿನಲ್ಲಿ ಅವ್ವ ಇರಲಿಲ್ಲ. ದವಾಖಾನೆ ಸುತ್ತಿ ಸುತ್ತಿ ಡಾಕ್ಟರೇ ಸಾಕು ಅಂದಿದ್ದರು. ನಮ್ಮ ಮನೆಯವರು... ಅವರು ಆಗಲೇ ಬೇರೆ ಇದ್ದರು. ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದವಳಲ್ಲ. ನನ್ನ ಜೀವನದಲ್ಲಿ ನಡೆದ ಕುಬಸ ಅದೊಂದೇ, ಅಷ್ಟೇ ಹೇಳಬೇಕಿತ್ತು.

ಮುಂದಿನದು ನಿಮಗೆ ಗೊತ್ತು. ಎರಡು ತಿಂಗಳಿಗೆ ಕಥೆ ತಿರುಗಿತು. ಶಿವಲೀಲಾಳ ಬಸಿರೇ ಸುಳ್ಳು, ಆಸ್ತಿಗಾಗಿ ಹೂಡಿದ ನಾಟಕ ಎಂದು ಬರೆದರು. ನಾನು ಬೇಡವೆಂದು ಹಟ ಹಿಡಿದೆ. ಮಗು ಹೊಟ್ಟೆಯಲ್ಲೇ ಹೋಯಿತು ಎನ್ನಿ, ಅದು ಎಷ್ಟೋ ಹೆಂಗಸರಿಗೆ ಆಗುವಂಥದ್ದು, ಸುಳ್ಳು ಎನ್ನಬೇಡಿ ಎಂದೆ. ‘ಮಗು ಹೋದರೆ ಜನ ಎರಡು ದಿನ ಅಳುತ್ತಾರೆ ಮೇಡಂ, ಸುಳ್ಳಾದರೆ ಮೂರು ತಿಂಗಳು ಬೈಯುತ್ತಾರೆ’ ಎಂದರು. ಸೀರೆಯ ಒಳಗಿಂದ ಆ ದಿಂಬು ಕಿತ್ತೆಸೆದು ನಗಬೇಕಿತ್ತು. ನಕ್ಕೆ. ಒಂದೇ ಸಲಕ್ಕೆ ಚೆನ್ನಾಗಿ ಬಂತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಅದು ಪ್ರಸಾರವಾದ ಮರುದಿನ ರೇಣುಕಮ್ಮನವರು ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಹೇಮಾ, ನಾವು ತುಂಬಿದ ಉಡಿ ಏನ್ ಮಾಡಿದಿ?’ ಎಂದರು. ಫೋನ್ ಇಟ್ಟರು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಶಿವಲೀಲಾ ಆಮೇಲೆ ಯಾರಿಗೂ ಬೇಡವಾದಳು. ಅತ್ತೆಯ ಮುಂದೆ ಅದೇ ತಟ್ಟೆ ಇಟ್ಟು ‘ಯತ್ತೀ, ಊಟ ಮಾಡ್ರಿ, ಆರತೈತಿ’ ಎಂದರೆ, ನೀವೆಲ್ಲ ‘ಉಣಬ್ಯಾಡ್ರೀ’ ಎಂದು ಟಿವಿಗೆ ಕೂಗುತ್ತಿದ್ದಿರಿ. ಮಾತು ಅದೇ ಇತ್ತು. ಯಲಬುರ್ಗಾದಲ್ಲಿ ನನ್ನ ಚಿಕ್ಕಪ್ಪನ ಮಗಳ ಕುಬಸಕ್ಕೆ ಹೋದಾಗ ‘ನೀ ಸ್ವಲ್ಪ ಆಚೆ ಕುಂದ್ರವ್ವ’ ಎಂದರು. ಧಾರಾವಾಹಿ ನೋಡಿ ಹಾಗೆ ಅಂದರು ಎಂದುಕೊಂಡೆ. ಧಾರಾವಾಹಿಯ ಕಾರಣಕ್ಕೇ ಇರಲಿ ದೇವರೇ ಎಂದು ಬೇಡಿಕೊಂಡೆ.

ಕಳೆದ ತಿಂಗಳು ಧಾರಾವಾಹಿ ಮುಗಿಯಿತು. ಶಿವಲೀಲಾ ಜೈಲಿಗೆ ಹೋದಳು, ನೀವು ಪೇಢೆ ಹಂಚಿದಿರಂತೆ. ಸಂತೋಷ. ನಿಮ್ಮ ಸಂಘದ ಕರೆ ಬಂದಾಗ, ಅಧ್ಯಕ್ಷತೆ ಯಾರದು ಎಂದು ಕೇಳಿದೆ. ಹೆಸರು ಕೇಳಿದ ಮೇಲೆಯೇ ಒಪ್ಪಿದೆ. ಈಗ ಶಾಲು ಹೊದಿಸುವಾಗಲೂ ಅವರು ನನ್ನ ಮುಖ ನೋಡಲಿಲ್ಲ.

ಅವತ್ತಿನ ಪ್ರಶ್ನೆಗೆ ಇವತ್ತು ಉತ್ತರ ಹೇಳುತ್ತೇನೆ. ಉಡಿಯ ಅಕ್ಕಿಯನ್ನು ಹುಗ್ಗಿ ಮಾಡಿ ಮನೆಮಂದಿಯೆಲ್ಲ ಉಣ್ಣಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಂದಿ ಇರಲಿಲ್ಲ. ನಾನೊಬ್ಬಳೇ ಹುಗ್ಗಿ ಮಾಡಿ, ನಿಮ್ಮ ಹಸಿರು ಸೀರೆ ಉಟ್ಟು, ನೆಲದ ಮೇಲೆ ಕೂತು ಉಂಡೆ. ಒಂದು ಅಗುಳೂ ಚೆಲ್ಲಲಿಲ್ಲ, ರೇಣುಕಮ್ಮ ದೊಡ್ಡವ್ವ.

ಸಭಿಕರೇ, ನನ್ನ ಮಾತು ಮುಗಿಯಿತು. ಕರೆದದ್ದಕ್ಕೆ, ಕೂಗಿದ್ದಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ಋಣಿ. ಇನ್ನೊಂದೇ ಮಾತು, ಅದನ್ನು ನಮ್ಮ ಮಾತಿನಾಗ ಹೇಳ್ತೀನ್ರಿ. ದೊಡ್ಡವ್ವ, ಶಾಲು ನನಗ ಭಾಳ ಅದಾವು. ಆ ಮೇಜಿನ ಹಿಂದ ಅಕ್ಕಿ ಪರಾತ ಐತಿ. ಶಿವಲೀಲಾಗ ಬ್ಯಾಡ, ಹೇಮಾಗ ಒಂದು ಬೊಗಸಿ ಹಾಕ್ರಿ. ಸೆರಗು ಒಡ್ಡಿ ನಿಂತೀನಿ. ಎರಡೂ ಕೈಯಾಗ ಸೆರಗ ಐತಿ, ಕೈ ಮುಗಿಯಾಕ ಬರವಲ್ದು. ಅದಕ್ಕ ಎಲ್ಲಾರಿಗೂ ಬಾಯಿಲೇ ನಮಸ್ಕಾರ.